ಗ್ಯಾರೇಜ್ ಕಟ್ಟೆ: ವಾಸನೆ ಯಾವಾಗ ಬರುತ್ತದೆ, ಮೊದಲು ಅದು ಹೇಳಿ

ಈ ಸಲದ ಪತ್ರಗಳಲ್ಲಿ ಪೆಟ್ರೋಲ್ ವಾಸನೆಯದ್ದೇ ದರ್ಬಾರು. ಮಳೆಗಾಲವಿಡೀ ಶೆಡ್ಡಿನಲ್ಲಿ ಕೂತ ಹಳೇ ಗಾಡಿಗಳನ್ನು ಹೊರಗೆ ತೆಗೆಯುವ ಕಾಲವಲ್ಲವೇ, ಆಶ್ಚರ್ಯವಿಲ್ಲ. ತೀರ್ಥಹಳ್ಳಿಯ ಪತ್ರಕ್ಕೆ ಉದ್ದವಾಗಿಯೇ ಬರೆದಿದ್ದೇನೆ. ಇದೇ ತಕರಾರು ಬರೆದ ಉಳಿದ ಪದ್ಮಿನಿ ಕಾರಿನ ಮಾಲೀಕರೂ ಅದನ್ನೇ ತಮ್ಮ ಉತ್ತರ ಅಂದುಕೊಳ್ಳಬೇಕು.

ಪ್ರಶ್ನೆ: ನಮ್ಮದು 1986ರ ಪ್ರೀಮಿಯರ್ ಪದ್ಮಿನಿ. ಅಪ್ಪ ತಗೊಂಡ ಗಾಡಿ, ಮಾರಲು ಮನಸ್ಸಿಲ್ಲ. ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸುಸ್ತಾಗುವ ಹೊತ್ತಿಗೆ ಸ್ಟಾರ್ಟ್ ಆಗುತ್ತದೆ, ಆಗ ಕಪ್ಪು ಹೊಗೆ. ಸ್ಲೋದಲ್ಲಿ ನಿಂತಾಗ ಇಡೀ ಗಾಡಿ ನಡುಗುತ್ತದೆ, ರೇಸ್ ಕೊಟ್ಟರೆ ಸರಿಯಾಗುತ್ತದೆ. ಪೇಟೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ ಬಂದರೆ ಮತ್ತೆ ಹಟ. ಲೀಟರಿಗೆ 12 ಕಿಲೋಮೀಟರ್ ಕೊಡುತ್ತಿದ್ದದ್ದು ಈಗ 8. ನಮ್ಮ ಮನೆ ರಸ್ತೆಯಿಂದ ಕೆಳಗಿದೆ, ಗಾಡಿ ಸೀದಾ ಇಳಿಸಿ ಶೆಡ್ಡಿಗೆ ಹಾಕುತ್ತೇವೆ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ. ಇಲ್ಲಿನ ಮೆಕ್ಯಾನಿಕ್ ಎರಡು ಸಲ ಪ್ಲಗ್ ಬದಲಿಸಿದರು, ಕಾರ್ಬೊರೇಟರ್ ಬಿಚ್ಚಿ ತೊಳೆದು ಸ್ಕ್ರೂ ಟೈಟ್ ಮಾಡಿ ಕೊಟ್ಟರು. ನಾಲ್ಕು ದಿನ ಚೆನ್ನಾಗಿತ್ತು. ಈಗ ಮಾರುತಿಯ ಕಾರ್ಬೊರೇಟರ್ ಕೂರಿಸೋಣ ಅನ್ನುತ್ತಾರೆ. ಒಂದು ಸಮಾಧಾನವೆಂದರೆ ಇಂಜಿನ್ ಗಟ್ಟಿಯಿದೆ: ವರ್ಷದಿಂದ ಒಂದು ಹನಿ ಆಯಿಲ್ ಹಾಕಿಲ್ಲ, ಕಡ್ಡಿ ನೋಡಿದರೆ ಲೆವೆಲ್ ಮೇಲಿನ ಗೆರೆಯನ್ನೂ ದಾಟಿದೆ!
– ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ಆ ಸಮಾಧಾನದಿಂದಲೇ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಅದೊಂದೇ ಸಾಲು. ಹಾಕದ ಆಯಿಲ್ ಎಲ್ಲಿಂದ ಬರಬೇಕು ಮಾರಾಯ್ರೆ? ಕಡ್ಡಿಯನ್ನು ಎಳೆದು ಮೂಗಿನ ಹತ್ತಿರ ಹಿಡಿಯಿರಿ. ಪೆಟ್ರೋಲ್ ವಾಸನೆ ಹೊಡೆಯುತ್ತದೆ, ಬೆರಳ ನಡುವೆ ಉಜ್ಜಿದರೆ ಜಿಗುಟೇ ಇರುವುದಿಲ್ಲ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಕೊಂಡು, ರಿಂಗ್ ದಾಟಿ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತಿದೆ. ಇಲ್ಲವೇ ಇಂಜಿನ್ ಪಕ್ಕದ ಪೆಟ್ರೋಲ್ ಪಂಪಿನ, ನಮ್ಮವರು ಎಸಿ ಪಂಪ್ ಅನ್ನುವುದರ, ಡಯಾಫ್ರಮ್ ಹರಿದಿದೆ. ಎರಡರಲ್ಲಿ ಯಾವುದಾದರೂ ಸರಿ, ತೆಳ್ಳಗಾದ ಆಯಿಲಿನಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತದೆ. ಕಾರಣ ಸಿಗುವವರೆಗೆ ಗಾಡಿ ಶೆಡ್ಡಿನಲ್ಲೇ ಇರಲಿ. ಕೆಳಗೆ ಹೇಳುವ ಕೆಲವು ಪರೀಕ್ಷೆಗಳಿಗೆ ಇಂಜಿನ್ ಓಡಿಸಬೇಕಾಗುತ್ತದೆ, ಅದಕ್ಕೆ ಮೊದಲು ಈ ಆಯಿಲ್ ಇಳಿಸಿ ಬೇರೆ ಹಾಕಿ. ಕಾರಣ ಸರಿಹೋಗುವವರೆಗೆ ಅದೂ ಹಾಳಾಗುತ್ತದೆ, ಹಾಗಾಗಿ ಎಲ್ಲ ಮುಗಿದ ಮೇಲೆ ಇನ್ನೊಮ್ಮೆ ಬದಲಿಸಿ.

ಪೆಟ್ರೋಲ್ ಜಾಸ್ತಿ ಆಗುತ್ತಿದೆ ಅಂತ ಯಾರೇ ಬಂದರೂ ನಾನು ಮೊದಲು ಕೇಳುವುದು, ವಾಸನೆ ಯಾವಾಗ ಅಂತ. ರಾತ್ರಿ ನಿಂತ ಮೇಲೋ, ಓಡುವಾಗಲೋ, ಬಿಸಿ ಇಂಜಿನ್ ಹತ್ತು ನಿಮಿಷ ನಿಂತಾಗಲೋ? ನೀವು ಮೂರೂ ಹೊತ್ತಿನ ತಕರಾರು ಬರೆದಿದ್ದೀರಿ, ಅದಕ್ಕೇ ನಿಮ್ಮ ಪತ್ರ ನನಗೆ ಇಷ್ಟವಾಯಿತು. ಮೂರೂ ಒಂದೇ ಕಡೆ ಬೆರಳು ಮಾಡುತ್ತಿವೆ.

ಶೆಡ್ಡಿನ ವಿಷಯ ನೋಡಿ. ಪದ್ಮಿನಿಯ ಪಂಪ್ ಇಂಜಿನ್ ತಿರುಗಿದರೆ ಮಾತ್ರ ಕೆಲಸ ಮಾಡುವಂಥದ್ದು. ಸಮನೆಲದಲ್ಲಿ ನಿಂತ ಗಾಡಿಯ, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರಿಗೆ ರಾತ್ರಿ ಪೆಟ್ರೋಲ್ ತಾನಾಗಿ ಹರಿಯುವುದಿಲ್ಲ. ನಿಮ್ಮ ಗಾಡಿ ಮೂತಿ ಕೆಳಗಾಗಿ ನಿಲ್ಲುತ್ತದೆ, ಹಿಂದಿನ ಟ್ಯಾಂಕ್ ಮೇಲಾಗುತ್ತದೆ. ಪಂಪಿನೊಳಗಿನ ವಾಲ್ವ್‌ಗಳು ಕಾರ್ಬೊರೇಟರ್ ಕಡೆಗೇ ತೆರೆಯುವುದರಿಂದ ಅವು ಅಡ್ಡ ಬರುವುದಿಲ್ಲ. ಹಾಗೆ ಬಂದ ಪೆಟ್ರೋಲನ್ನು ತಡೆಯಬೇಕಾದದ್ದು, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿನ ಬಾಯಲ್ಲಿದ್ದು, ಒಳಗಿನ ಫ್ಲೋಟ್ ತೇಲಿ ಮೇಲೆದ್ದಾಗ ಮುಚ್ಚಿಕೊಳ್ಳುವ ನೀಡಲ್ ವಾಲ್ವ್ ಒಂದೇ. ಅದು ಸರಿಯಾಗಿ ಮುಚ್ಚದಿದ್ದರೆ ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಮಲೆನಾಡಿನ ಅಂಗಳಗಳಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ. ಬಯಲುಸೀಮೆಯಲ್ಲಿ ಅದೇ ಗಾಡಿಗೆ ಅದೇ ನೀಡಲ್ ಇದ್ದರೂ ಬೆಳಿಗ್ಗೆಯ ತಕರಾರು ಗೊತ್ತೇ ಆಗುವುದಿಲ್ಲ. ಇವತ್ತಿನಿಂದಲೇ ಗಾಡಿಯನ್ನು ಹಿಂದಿನಿಂದ ಇಳಿಸಿ ಹಾಕಿ, ಮೂತಿ ರಸ್ತೆ ಕಡೆಗಿರಲಿ. ತಳ್ಳಲು ಇಬ್ಬರು ಸಿಕ್ಕರೆ ಸಾಕು, ಸ್ಟಾರ್ಟ್ ಮಾಡುವುದೇ ಬೇಡ.

ಆದರೂ ಕಾರ್ಬೊರೇಟರಿಗೆ ಕೈ ಹಾಕುವ ಮೊದಲು ಎರಡು ಕೆಲಸ ಇದೆ.

ಒಂದು, ಚೋಕ್. ಪದ್ಮಿನಿಗಳಲ್ಲಿ ಸಾಮಾನ್ಯವಾಗಿ ಬರುವ ಸೊಲೆಕ್ಸ್ ಕಾರ್ಬೊರೇಟರಿನಲ್ಲಿ ಚೋಕ್, ಅಂದರೆ ತಣ್ಣಗಿನ ಇಂಜಿನ್ ಶುರು ಮಾಡಲು ಪೆಟ್ರೋಲ್ ಹೆಚ್ಚಿಸುವ ಸಾಧನ, ಬಾಯಿಗೆ ಅಡ್ಡ ನಿಲ್ಲುವ ತಗಡಲ್ಲ. ಪಕ್ಕದಲ್ಲಿ ತೂತುಗಳಿರುವ ಒಂದು ಬಿಲ್ಲೆ ತಿರುಗಿ, ಹೆಚ್ಚಿನ ಪೆಟ್ರೋಲಿಗೆ ಬೇರೆಯೇ ದಾರಿ ಬಿಡುತ್ತದೆ. ಹಾಗಾಗಿ ಮೇಲಿನಿಂದ ಇಣುಕಿದರೆ ಚೋಕ್ ತೆರೆದಿದೆಯೋ ಮುಚ್ಚಿದೆಯೋ ತಿಳಿಯುವುದಿಲ್ಲ. ಒಳಗೆ ನಾಬ್ ಪೂರ್ತಿ ತಳ್ಳಿದ್ದೀರಿ ಅಂತ ನೀವು ಅಂದುಕೊಂಡಿರುತ್ತೀರಿ, ಇಲ್ಲಿ ಕೇಬಲಿನ ಹೊರಕವಚ ಜಾರಿ ಲಿವರ್ ಅರ್ಧಕ್ಕೇ ನಿಂತಿರುತ್ತದೆ. ಆಯಿಲ್ ಬದಲಿಸಿ ಇಂಜಿನ್ ಶುರು ಮಾಡಿ, ಅದು ಬಿಸಿಯಾದ ಮೇಲೆ, ಕಾರ್ಬೊರೇಟರಿನ ಹತ್ತಿರವೇ ಆ ಲಿವರನ್ನು ಮುಚ್ಚುವ ಕಡೆಗೆ ಬೆರಳಲ್ಲಿ ಒತ್ತಿ ನೋಡಿ. ಇಂಜಿನ್ ಸದ್ದು ಬದಲಾದರೆ ಅದು ಅಲ್ಲಿಯವರೆಗೆ ಪೂರ್ತಿ ಮುಚ್ಚಿರಲಿಲ್ಲ ಅಂತ. ಕೇಬಲಿಗೆ ಎರಡು ಮಿಲಿಮೀಟರ್ ಸಡಿಲ ಬಿಟ್ಟು ಕಟ್ಟಿಸಿ.

ಎರಡು, ಕಿಡಿ. ಪ್ಲಗ್ ಒದ್ದೆಯಾಗಿ ಕಪ್ಪಗಿದ್ದ ಕೂಡಲೇ ಪೆಟ್ರೋಲ್ ಜಾಸ್ತಿ ಅಂತ ತೀರ್ಮಾನ ಮಾಡುವುದು ನಮ್ಮ ಕಸುಬಿನ ಹಳೇ ಚಾಳಿ. ಪೆಟ್ರೋಲ್ ಸರಿಯಾಗಿಯೇ ಬಂದು, ಕಿಡಿ ಸೋತು, ಉರಿಯದೆ ಉಳಿದರೂ ಪ್ಲಗ್ ಹಾಗೇ ಕಾಣುತ್ತದೆ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ, ನಮ್ಮವರು ಡೆಲ್ಕೊ ಅನ್ನುವುದರ, ಮುಚ್ಚಳ ತೆಗೆದು ಒಳಗೆ ತೆರೆದು ಮುಚ್ಚುವ ಪಾಯಿಂಟ್ ನೋಡಿ. ಗ್ಯಾಪ್ ಸುಮಾರು 0.45 ಮಿ.ಮೀ. ಇರಬೇಕು, ಫೀಲರ್ ಗೇಜಿನಲ್ಲಿ ಅಳೆಯಿರಿ, ಹ್ಯಾಕ್ಸಾ ಬ್ಲೇಡ್ ತೂರಿಸಿ ಅಂದಾಜು ಮಾಡಬೇಡಿ. ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಗುಬ್ಬಿ ಎದ್ದಿದ್ದರೆ ಕಂಡೆನ್ಸರ್ ಬಗ್ಗೆ ಅನುಮಾನಪಡಿ. ಕತ್ತಲಲ್ಲಿ ಇಂಜಿನ್ ಓಡಿಸಿ ಪ್ಲಗ್ ವಯರುಗಳನ್ನು ನೋಡಿದರೆ, ಕರೆಂಟ್ ಸೋರುವ ಜಾಗದಲ್ಲಿ ನೀಲಿ ಎಳೆ ಓಡಾಡುವುದು ಕಾಣುತ್ತದೆ. ಕಾರ್ಬೊರೇಟರ್ ಒದ್ದೆ ಇರುವಾಗ ಮಾತ್ರ ಯಾವ ಕಿಡಿ ಪರೀಕ್ಷೆಯೂ ಬೇಡ. ಬಾಯಲ್ಲಿ ಬೀಡಿ ಕಚ್ಚಿಕೊಂಡು ಬಾನೆಟ್ ಎತ್ತುವ ಮೆಕ್ಯಾನಿಕ್ಕನನ್ನು, ಅವನೆಷ್ಟೇ ಜಾಣನಾಗಿರಲಿ, ಅಂಗಳದಿಂದ ಆಚೆಗೇ ಕಳಿಸಿ.

ಕಿಡಿ ಸರಿಯಿದೆ ಅಂತಾದ ಮೇಲೆ ನಿಮ್ಮ ನಡುಕದ ಕಥೆ. ಸ್ಲೋದಲ್ಲಿ ಇಂಜಿನಿಗೆ ಬೇಕಾದ ಪೆಟ್ರೋಲ್ ಐಡ್ಲಿಂಗಿನ ಸಣ್ಣ ದಾರಿಯಲ್ಲಿ ಮಾತ್ರ ಬರಬೇಕು, ನಡುವಿನ ದೊಡ್ಡ ಕೊಳವೆ ಒಣಗಿರಬೇಕು. ಫ್ಲೋಟ್ ಚೇಂಬರಿನಲ್ಲಿ ಪೆಟ್ರೋಲ್ ಮಟ್ಟ ಏರಿದರೆ ಆ ಕೊಳವೆಯಿಂದಲೂ ಹನಿ ಬೀಳುತ್ತದೆ. ಆಗ ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು, ಇಂಜಿನ್ ನಡುಗುತ್ತದೆ. ರೇಸ್ ಕೊಟ್ಟಾಗ ಗಾಳಿ ಹೆಚ್ಚಾಗಿ ಲೆಕ್ಕ ಸರಿಹೋಗುತ್ತದೆ. ನೀವು ಬರೆದದ್ದೂ ಅದನ್ನೇ. ಇದನ್ನು ಕಣ್ಣಾರೆ ನೋಡಬಹುದು: ಏರ್ ಫಿಲ್ಟರ್ ತೆಗೆದು, ಬಿಸಿ ಇಂಜಿನನ್ನು ಸ್ಲೋದಲ್ಲಿ ಬಿಟ್ಟು, ಟಾರ್ಚ್ ಹಿಡಿದು ಒಳಗೆ ನೋಡಿ. ನಡುವಿನ ಕೊಳವೆಯ ತುದಿಯಲ್ಲಿ ಹನಿ ಕಟ್ಟಿ ಬೀಳುತ್ತಿದ್ದರೆ ಬೇರೆ ಸಾಕ್ಷಿ ಬೇಡ. ನನಗೆ ಇನ್ನೂ ಇಷ್ಟವಾದ ಪರೀಕ್ಷೆ ಇದು: ಕಾರ್ಬೊರೇಟರಿಗೆ ಹೋಗುವ ರಬ್ಬರ್ ಪೈಪನ್ನು ಕ್ಲಾಂಪಿನಲ್ಲಿ ಅದುಮಿ ಹಿಡಿಯಿರಿ. ಇಂಜಿನ್ ಸ್ವಲ್ಪ ಹೊತ್ತು ನಡುಗುತ್ತಾ ಇದ್ದು, ಚೇಂಬರಿನ ಮಟ್ಟ ಇಳಿಯುತ್ತಾ ಬಂದಂತೆ ನಯವಾಗಿ ಓಡಿ, ಆಮೇಲೆ ಪೆಟ್ರೋಲ್ ಮುಗಿದು ನಿಂತರೆ, ರೋಗ ಮಟ್ಟದ್ದೇ. ಇದಕ್ಕೆ ಕಾಸು ಖರ್ಚಿಲ್ಲ.

ಈಗ ಬಿಚ್ಚಬಹುದು. ಮೇಲಿನ ಮುಚ್ಚಳ ತೆಗೆದರೆ ನೀಡಲ್ ವಾಲ್ವ್ ಮುಚ್ಚಳಕ್ಕೇ ತಿರುಗಿಸಿ ಕೂರಿಸಿದ್ದು ಕಾಣುತ್ತದೆ. ಮುಚ್ಚಳವನ್ನು ತಲೆಕೆಳಗು ಮಾಡಿ, ನೀಡಲ್ ತನ್ನ ಭಾರಕ್ಕೇ ಕೂತಿರುವಾಗ, ಪೆಟ್ರೋಲ್ ಬರುವ ಮೂತಿಗೆ ತುಂಡು ಪೈಪ್ ಸಿಕ್ಕಿಸಿ ಊದಿ. ಗಾಳಿ ದಾಟಬಾರದು. ದಾಟಿದರೆ ಭೂತಗನ್ನಡಿಯಲ್ಲಿ ನೀಡಲಿನ ಮೊನೆ ನೋಡಿ, ಸುತ್ತ ಒಂದು ಉಂಗುರದ ಗೀರು ಬಿದ್ದಿರುತ್ತದೆ. ಉಜ್ಜಿ ಸರಿಮಾಡಲು ಹೋಗದೆ ಸೀಟಿನ ಸಮೇತ ಬದಲಿಸಿ. ಅದರ ಕೆಳಗಿನ ವಾಷರನ್ನು ಕಳೆಯಬೇಡಿ. ಅದರ ದಪ್ಪವೇ ಪೆಟ್ರೋಲ್ ಮಟ್ಟವನ್ನು ನಿರ್ಧರಿಸುವುದು: ದಪ್ಪ ವಾಷರ್ ಹಾಕಿದರೆ ನೀಡಲ್ ಬೇಗ ಮುಚ್ಚಿ ಮಟ್ಟ ಇಳಿಯುತ್ತದೆ, ತೆಳು ವಾಷರ್ ಹಾಕಿದರೆ ಅಥವಾ ಹಾಕುವುದನ್ನೇ ಮರೆತರೆ ಮಟ್ಟ ಏರುತ್ತದೆ. ತೊಳೆದು ಕೊಟ್ಟ ಮೇಲೆ ಹೊಸದಾಗಿ ಫ್ಲಡ್ ಆಗುವ, ಅಂದರೆ ಪೆಟ್ರೋಲ್ ಉಕ್ಕುವ, ಗಾಡಿಗಳಲ್ಲಿ ನಾನು ಮೊದಲು ಹುಡುಕುವುದು ಈ ವಾಷರನ್ನೇ.

ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಕುಲುಕಿದರೆ ಅದು ತೂತಾಗಿ ಪೆಟ್ರೋಲ್ ಕುಡಿದಿದೆ, ತೇಲುವುದಿಲ್ಲ, ನೀಡಲನ್ನು ಮೇಲೆತ್ತುವುದಿಲ್ಲ. ಹಿತ್ತಾಳೆ ಫ್ಲೋಟಾದರೆ ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೋ ಅಲ್ಲಿ ತೂತು. ಬೆಸುಗೆ ಹಾಕಿಸುತ್ತೇನೆ ಅನ್ನುವವರಿಗೆ ಎರಡು ಮಾತು. ಒಳಗಿನ ಪೆಟ್ರೋಲ್ ಪೂರ್ತಿ ಹೋಗದೆ ಕಾಯಿಸಿದರೆ ಅದು ಕೈಯಲ್ಲೇ ಸಿಡಿಯುತ್ತದೆ. ಬೆಸುಗೆಯ ಸೀಸದಿಂದ ಫ್ಲೋಟ್ ಭಾರವಾದರೆ ಮಟ್ಟ ಮತ್ತೆ ಏರುತ್ತದೆ. ಹೊಸದು ಸಿಕ್ಕರೆ ಹೊಸದೇ ಹಾಕಿ. ಈಗ ಸಿಗುವುದು ಮೊದಲಿನಷ್ಟು ಸುಲಭವಲ್ಲ ನಿಜ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳು ಇರುವವರೆಗೆ ಪದ್ಮಿನಿ ಸಾಮಾನಿಗೆ ಗಿರಾಕಿಯೂ ಇತ್ತು, ಸರಬರಾಜೂ ಇತ್ತು. 2023ರ ಅಕ್ಟೋಬರ್‌ನಲ್ಲಿ ಅಲ್ಲಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ನಾಲ್ಕು ಅಂಗಡಿ ಹತ್ತಿಳಿದು ವಿಚಾರಿಸಿ. ಕಿಟ್ ಸಿಕ್ಕರೆ ಅದರ ನೀಡಲನ್ನೂ ಅಂಗಡಿಯಲ್ಲೇ ಊದಿ ನೋಡಿ, ಹೊಸದೆಂದು ನಂಬಬೇಡಿ.

ನಾಲ್ಕು ದಿನ ಚೆನ್ನಾಗಿದ್ದು ಮತ್ತೆ ಕೆಟ್ಟದ್ದೇಕೆ? ನನ್ನ ಅನುಮಾನ ಟ್ಯಾಂಕಿನ ತುಕ್ಕಿನ ಮೇಲೆ. ತೊಳೆದಾಗ ನೀಡಲ್ ಸೀಟಿನ ಕಸ ಹೋಯಿತು, ನಾಲ್ಕು ದಿನದಲ್ಲಿ ಹೊಸ ಕಸ ಬಂದು ಕೂತಿತು. ಹೊಸ ನೀಡಲ್ ಹಾಕುವ ದಿನವೇ ಕಾರ್ಬೊರೇಟರಿಗೆ ಸ್ವಲ್ಪ ಮೊದಲು ಒಂದು ಫಿಲ್ಟರ್ ಹಾಕಿಸಿ. ಅದರಲ್ಲಿ ಕೆಂಪು ಪುಡಿ ಸೇರುತ್ತಾ ಹೋದರೆ ಟ್ಯಾಂಕ್ ಇಳಿಸಿ ತೊಳೆಸದೆ ಗತ್ಯಂತರವಿಲ್ಲ.

ಪಂಪನ್ನೂ ಬಿಚ್ಚಿ ನೋಡಿಬಿಡಿ. ಹೊರ ಹೋಗುವ ಮೂತಿಯನ್ನು ಹೆಬ್ಬೆರಳಲ್ಲಿ ಮುಚ್ಚಿ, ಲಿವರನ್ನು ಕೈಯಲ್ಲೇ ಆಡಿಸಿದಾಗ ಅಡಿಯಿಂದ ಪೆಟ್ರೋಲ್ ಜಿನುಗಿದರೆ ಡಯಾಫ್ರಮ್ ಬದಲಿಸಿ. ಮತ್ತೆ ಕೂರಿಸುವಾಗ ಇಂಜಿನ್ ಮತ್ತು ಪಂಪಿನ ನಡುವಿನ ದಪ್ಪ ಪ್ಯಾಕಿಂಗನ್ನು ಇದ್ದಹಾಗೇ ಇಡಬೇಕು, ಕಾಗದ ಕತ್ತರಿಸಿ ಹಾಕಬಾರದು. ಸ್ಕ್ರೂ ವಿಚಾರ ಬೇಗ ಮುಗಿಸುತ್ತೇನೆ: ಆ ಮಿಕ್ಸ್ಚರ್ ಸ್ಕ್ರೂ ಸ್ಲೋ ಸ್ಪೀಡಿಗೆ ಮಾತ್ರ ಸಂಬಂಧಿಸಿದ್ದು, ಫ್ಲಡ್ಡಿಂಗನ್ನು ಅದು ನಿಲ್ಲಿಸುವುದಿಲ್ಲ. ಬಲವಾಗಿ ಬಿಗಿದರೆ ಅದರ ಮೊನೆಗೆ ಗೀರು ಬಿದ್ದು ಇನ್ನೆಂದೂ ಟ್ಯೂನ್ ಆಗುವುದಿಲ್ಲ. ಮೆಲ್ಲಗೆ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದ ಸದ್ದು ಕೇಳುತ್ತಾ ಸರಿಮಾಡಿ. ಜೆಟ್‌ಗಳಿಗೆ ತಂತಿ ತೂರಿಸಿದ್ದಾರೆಯೇ ಅಂತಲೂ ಕೇಳಿ. ಜೆಟ್ಟಿನ ಮೇಲಿನ ಸಂಖ್ಯೆ ಅದರ ತೂತಿನ ಅಳತೆ, 120 ಅಂದರೆ 1.20 ಮಿ.ಮೀ. ಅಷ್ಟು ಸೂಕ್ಷ್ಮದ ಹಿತ್ತಾಳೆ ತೂತಿಗೆ ಸ್ಟೀಲ್ ತಂತಿ ಹಾಕಿ ತಿಕ್ಕಿದರೆ ಅದು 120 ಆಗಿ ಉಳಿಯುವುದಿಲ್ಲ. ಗಾಳಿ ಹೊಡೆದರೆ ಸಾಕು.

ಪೇಟೆಯಲ್ಲಿ ನಿಲ್ಲಿಸಿದಾಗಿನ ಹಟ ಬಹುಶಃ ಇದೇ ನೀಡಲಿನ ಇನ್ನೊಂದು ಮುಖ. ಇಂಜಿನ್ ನಿಂತ ಮೇಲೂ ಪೈಪಿನಲ್ಲಿ ಉಳಿದ ಒತ್ತಡ, ಬಾನೆಟ್ಟಿನೊಳಗಿನ ಕಾವು ಎರಡೂ ಸೇರಿ ಪೆಟ್ರೋಲನ್ನು ಮೇಲೆ ತಳ್ಳುತ್ತವೆ, ಅದು ಉಕ್ಕಿ ಒಳಗೆ ಇಳಿಯುತ್ತದೆ. ನೀಡಲ್ ಸರಿಯಾದ ಮೇಲೂ ಹೀಗಾದರೆ ಕಾರ್ಬೊರೇಟರ್ ಅಡಿಯ ಬೇಕಲೈಟ್ ಬಿಲ್ಲೆ ಇದೆಯೇ ನೋಡಿ, ಶಾಖ ತಡೆಯುವುದು ಅದೇ. ಹಾಗೆ ನಿಂತುಬಿಟ್ಟಾಗ ಆಕ್ಸಿಲರೇಟರನ್ನು ಪಟಪಟ ತುಳಿಯಬೇಡಿ. ಪ್ರತಿ ತುಳಿತಕ್ಕೂ ಒಂದು ಪಿಚಕಾರಿ ಪೆಟ್ರೋಲ್ ಒಳಗೆ ಹೋಗುತ್ತದೆ. ಚೋಕ್ ಮುಟ್ಟದೆ, ಪೆಡಲನ್ನು ನಿಧಾನವಾಗಿ ತಳದವರೆಗೆ ಒತ್ತಿ ಹಾಗೇ ಹಿಡಿದುಕೊಂಡು ಸೆಲ್ಫ್ ಹೊಡೆಯಿರಿ, ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರದಂತೆ. ಗಾಳಿ ತುಂಬಿ ನುಗ್ಗಿ ಪೆಟ್ರೋಲ್ ಹೊರಟುಹೋಗುತ್ತದೆ.

ಮಾರುತಿ ಕಾರ್ಬೊರೇಟರ್ ಬೇಡವೇ ಬೇಡ. 796 ಸಿಸಿಯ ಮೂರು ಸಿಲಿಂಡರಿಗೆ ಅಳೆದು ಮಾಡಿದ್ದನ್ನು 1089 ಸಿಸಿಯ ನಾಲ್ಕು ಸಿಲಿಂಡರಿನ ಮೇಲೆ ಕೂರಿಸಿದರೆ ಹೊಗೆ ನಿಲ್ಲಬಹುದು, ಗಾಡಿ ಆಗುಂಬೆ ಘಾಟಿ ಹತ್ತುವಾಗ ನಿಮಗೆ ಗೊತ್ತಾಗುತ್ತದೆ.

ಪ್ರಶ್ನೆ: 1994ರ ಮಾರುತಿ 800. ಎಮಿಷನ್ ಟೆಸ್ಟಿನಲ್ಲಿ ಫೇಲ್ ಆಯಿತು. ಚೀಟಿಯಲ್ಲಿ ಸಿಓ 0.9, ಎಚ್‌ಸಿ 2300 ಅಂತಿದೆ. ಗಾಡಿ ಸ್ಲೋದಲ್ಲಿ ಕುಂಟುತ್ತದೆ. ಕಾರ್ಬೊರೇಟರ್ ಬದಲಿಸಬೇಕೆನ್ನುತ್ತಾರೆ.
– ಓದುಗರು, ದಾವಣಗೆರೆ

ಉತ್ತರ: ಆ ಚೀಟಿಯನ್ನು ಬಿಸಾಡಬೇಡಿ, ಅದು ಗಾಡಿಯ ರಕ್ತಪರೀಕ್ಷೆಯ ವರದಿ. ನಿಮ್ಮ ಕಾಲದ ಗಾಡಿಗೆ ಸಿಓ, ಅಂದರೆ ಕಾರ್ಬನ್ ಮೊನಾಕ್ಸೈಡ್, ಶೇಕಡಾ 3, ಎಚ್‌ಸಿ 1500 ಪಿಪಿಎಂವರೆಗೆ ಇರಬಹುದು. ಪೆಟ್ರೋಲ್ ಜಾಸ್ತಿಯಾಗಿದ್ದರೆ ಸಿಓ ಏರಬೇಕಿತ್ತು, ನಾಲ್ಕೋ ಐದೋ ಬರಬೇಕಿತ್ತು. ನಿಮ್ಮಲ್ಲಿ ಅದು ಕಡಿಮೆ ಇದೆ, ಏರಿರುವುದು ಎಚ್‌ಸಿ, ಅಂದರೆ ಉರಿಯದೆ ಹೊರಬಿದ್ದ ಪೆಟ್ರೋಲ್. ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಸ್ಲೋದಲ್ಲಿ ಪ್ಲಗ್ ವಯರುಗಳನ್ನು, ಒಣ ಬಟ್ಟೆ ಸುತ್ತಿದ ಇಕ್ಕಳದಲ್ಲಿ, ಒಂದೊಂದಾಗಿ ಎಳೆದು ನೋಡಿ. ಯಾವುದನ್ನು ಎಳೆದಾಗ ಸದ್ದು ಬದಲಾಗುವುದಿಲ್ಲವೋ ಅದೇ ಕಳ್ಳ. ಪ್ಲಗ್, ವಯರ್, ಡೆಲ್ಕೊ ಮುಚ್ಚಳ ನೋಡಿ. ಮೂರೂ ಸರಿಯಿದ್ದರೆ ವ್ಯಾಕ್ಯೂಮ್ ಪೈಪುಗಳಲ್ಲಿ ಬಿರುಕು ಹುಡುಕಿ. ಕಳ್ಳಗಾಳಿ ಒಳಬಂದರೂ ಚೀಟಿ ಹೀಗೇ ಬರುತ್ತದೆ. ಕಾರ್ಬೊರೇಟರ್ ಅಲ್ಲೇ ಇರಲಿ.

ಪ್ರಶ್ನೆ: ಅಂಬಾಸಿಡರಿನ ಎಸಿ ಪಂಪ್ ಕೆಟ್ಟಿತೆಂದು ಗುಜರಿಯಿಂದ ಎಲೆಕ್ಟ್ರಿಕ್ ಪಂಪ್ ತಂದು ಹಾಕಿಸಿದೆ. ಸ್ವಿಚ್ ಹಾಕಿದೊಡನೆ ಕಾರ್ಬೊರೇಟರಿನಿಂದ ಪೆಟ್ರೋಲ್ ಸುರಿಯುತ್ತದೆ. ನೀಡಲ್ ಹೊಸದು.
– ಓದುಗರು, ಹಾಸನ

ಉತ್ತರ: ಗುಜರಿಯ ಪಂಪ್ ಕಾರ್ಬೊರೇಟರ್ ಇಲ್ಲದ ಇಂಜೆಕ್ಷನ್ ಗಾಡಿಯದ್ದಿರಬೇಕು. ಅದು ಮೂರು ಬಾರ್ ಒತ್ತಡ ಕೊಡುವಂಥದ್ದು, ಅಂದರೆ 40 ಪಿಎಸ್‌ಐ ಮೇಲೆ. ಕಾರ್ಬೊರೇಟರಿನ ನೀಡಲ್ ತಡೆಯುವುದು ಮೂರು ನಾಲ್ಕು ಪಿಎಸ್‌ಐ. ಹೊಸ ನೀಡಲ್ ಪಾಪ ಏನು ಮಾಡೀತು! ಇವತ್ತೇ ಕಿತ್ತುಹಾಕಿ. ಬಿಸಿ ಮೆನಿಫೋಲ್ಡಿನ ಮೇಲೆ ಪೆಟ್ರೋಲ್ ಸುರಿದ ಗಾಡಿ ಸುಟ್ಟುಹೋಗುವುದಕ್ಕೆ ಕಾಯಬಾರದು. ಹಳೇ ಪಂಪಿಗೆ ಡಯಾಫ್ರಮ್ ಕಿಟ್ ಹಾಕಿಸಿ. ಎಲೆಕ್ಟ್ರಿಕ್ಕೇ ಬೇಕೆಂದರೆ ಕಾರ್ಬೊರೇಟರ್ ಗಾಡಿಗೆಂದೇ ಬರುವ ಕಡಿಮೆ ಒತ್ತಡದ ಪಂಪ್ ತನ್ನಿ, ಇಂಜಿನ್ ನಿಂತರೆ ಅದೂ ನಿಲ್ಲುವಂತೆ ವಯರಿಂಗ್ ಮಾಡಿಸಿ.

ಪ್ರಶ್ನೆ: ಎಥನಾಲ್ ಪೆಟ್ರೋಲ್ ಬಂದ ಮೇಲೆ ಹಳೇ ಗಾಡಿಗಳು ಕಪ್ಪು ಹೊಗೆ ಬಿಡುತ್ತವಂತೆ, ನಿಜವೇ?
– ಓದುಗರು, ಪುತ್ತೂರು

ಉತ್ತರ: ಅರ್ಧ ನಿಜ. ಶೇಕಡಾ 20 ಎಥನಾಲಿನ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ಬೆರೆತಷ್ಟೂ ಮಿಶ್ರಣ ತೆಳುವಾಗುತ್ತದೆ, ದಪ್ಪವಾಗುವುದಿಲ್ಲ. ಹಾಗಾಗಿ ಕಪ್ಪು ಹೊಗೆ ನೇರವಾಗಿ ಅದರಿಂದ ಬರುವಂತಿಲ್ಲ. ಆದರೆ ಅದು ಟ್ಯಾಂಕಿನ ಹಳೇ ಜಿಡ್ಡು ಬಿಡಿಸಿ ಕಸವನ್ನು ನೀಡಲಿಗೆ ತಂದು ಕೂರಿಸುತ್ತದೆ, ಹಳೇ ರಬ್ಬರನ್ನು ಉಬ್ಬಿಸುತ್ತದೆ. ಹೊಗೆ ಶುರುವಾಗುವುದು ಅಲ್ಲಿಂದ. ಪೈಪು, ಡಯಾಫ್ರಮ್ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ನಿಮ್ಮ ಕಡೆಯ ಮಳೆಗೆ ಇನ್ನೊಂದು ಎಚ್ಚರಿಕೆ: ಎಥನಾಲ್ ತೇವ ಹೀರುತ್ತದೆ. ಗಾಡಿಯನ್ನು ಜೂನ್‌ನಿಂದ ನಿಲ್ಲಿಸುವುದಾದರೆ ಪೆಟ್ರೋಲ್ ಪೈಪ್ ಕಳಚಿ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬೊರೇಟರ್ ಖಾಲಿ ಮಾಡಿಡಿ.

ಪ್ರಶ್ನೆ: ಪೆಟ್ರೋಲ್ ಟ್ಯಾಂಕ್ ಜಿನುಗಿದರೆ ಬಟ್ಟೆ ಸೋಪು ಹಚ್ಚಿದರೆ ನಿಲ್ಲುತ್ತದೆಯೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಮನೆ ಮುಟ್ಟುವವರೆಗೆ ನಿಲ್ಲುತ್ತದೆ. ಒಣ ಸೋಪನ್ನೇ ಒತ್ತಿ ಉಜ್ಜಬೇಕು, ನೀರು ಮುಟ್ಟಿಸಬಾರದು. ಆಮೇಲೆ ವೆಲ್ಡಿಂಗಿಗೆ ಕೊಡುವಾಗ ಟ್ಯಾಂಕ್ ಖಾಲಿಯಿದೆ ಅನ್ನುವ ಧೈರ್ಯ ಬೇಡ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಸಿಡಿಯುವುದು. ಟ್ಯಾಂಕ್ ಕೆಲಸವನ್ನೇ ಮಾಡುವವರ ಹತ್ತಿರ ಕೊಟ್ಟು, ಬಿಸಿನೀರು ಮತ್ತು ಸೋಪಿನಲ್ಲಿ ಮತ್ತೆ ಮತ್ತೆ ತೊಳೆದ ಮೇಲಷ್ಟೇ ಬೆಂಕಿ ತೋರಿಸಲು ಹೇಳಿ.